ಅಟ್ಟದ ಫ್ಯಾನು ಕಲಿಸಿದ ಪಾಠ

ನಮ್ಮ ತಿಪಟೂರು ಸೀಮೆಯಲ್ಲಿ ಕೊಬ್ಬರಿಗಾಗಿ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿಸುವುದು ನಿಮಗೆಲ್ಲಾ ಗೊತ್ತೇ ಇದೆ. ನಮ್ಮ ಮನೆಯಲ್ಲಿ ಅಡಿಗೆಮನೆ ಮೇಲೇ ಅಟ್ಟ. ಒಲೆಯ ಹೊಗೆ, ಬಿಸಿಗಾಳಿ ಎಲ್ಲಾ ಅಲ್ಲಿಗೇ ಏರುತ್ತದೆ. ಅದನ್ನು ಹೊರಗೆ ದಬ್ಬಲೆಂದು ಅಪ್ಪ ಅಟ್ಟದ ಗೋಡೆಯ ಕಿಂಡಿಗೆ ಒಂದು ಹಳೇ ಎಕ್ಸಾಸ್ಟ್ ಫ್ಯಾನು ಕೂರಿಸಿದ್ದರು.

ಕಳೆದ ಬೇಸಿಗೆಯಲ್ಲಿ ಅದರ ಕಾಯಿಲ್ ಸುಟ್ಟಿತು. ಪೇಟೆಯಲ್ಲಿ ಸುತ್ತಿಸಿ ತಂದು ಹಾಕಿದರೆ ಅದು ಉಲ್ಟಾ ತಿರುಗಬೇಕೇ! ಹೊರಗಿನ ಗಾಳಿ ಒಳಕ್ಕೆ ನುಗ್ಗಿ ಹೊಗೆಯೆಲ್ಲಾ ಕೆಳಗಿಳಿಯಿತು. ಫ್ಯಾನು ಆರಿಸಿದರೂ ತುಂಬಿದ ಹೊಗೆ ಹೋಗಲಿಲ್ಲ. ಅಜ್ಜಿಗೆ ಮೊದಲೇ ದಮ್ಮು. ಕೆಮ್ಮಿ ಕೆಮ್ಮಿ ಸಾಕಾಗಿ ಜಗಲಿಗೆ ಹಾಸಿಗೆ ಹಾಕಿಕೊಂಡರು.

"ಪಂಪ್‌ಸೆಟ್ಟು ಉಲ್ಟಾ ತಿರುಗಿದ್ರೆ ಎರಡು ವೈರು ಅದಲು ಬದಲು ಮಾಡ್ತೀವಲ್ಲ, ಹಂಗೇ ಮಾಡಾಣ" ಅಂದರು ಅಪ್ಪ. ಮಾಡಿದರು. ಫ್ಯಾನು ಮತ್ತೆ ಅದೇ ಕಡೆ ತಿರುಗಿತು. "ಸೈನ್ಸಲ್ಲಿ ಒಳ್ಳೆ ಮಾರ್ಕ್ಸ್ ತಗೀತೀಯಲ್ಲ, ನೀನೇ ಹೇಳ್ಲಾ" ಅಂದರು. ನಾನು ಜಂಬದಿಂದ, "ರೆಕ್ಕೆ ಬಿಚ್ಚಿ ಮಗುಚಿ ಹಾಕಪ್ಪ" ಅಂದೆ. ಹಾಕಿದರೂ ಗಾಳಿ ಒಳಕ್ಕೇ! ಆ ರಾತ್ರಿ ಜಗಲಿಯಿಂದ ಕೆಮ್ಮು ಕೇಳಿಸುತ್ತಿದ್ದರೆ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಒಂದು ಬೋಲ್ಟು, ನಟ್ಟು ಕೊಟ್ಟು, "ನಟ್ಟನ್ನು ಮಗುಚಿ ಹಾಕಿ ನೋಡು" ಎಂದರು. ಮಗುಚಿದರೂ ಅದು ಬಲಕ್ಕೇ ಬಿಗಿಯಿತು! ರೆಕ್ಕೆಯ ಓರೆಯೂ ಹಾಗೆಯೇ, ಮಗುಚಿದರೆ ಬದಲಾಗುವುದಿಲ್ಲವಂತೆ. ಪಂಪ್‌ಸೆಟ್ಟಿಗೆ ಬರುವುದು 3 ಫೇಸ್; ಎರಡನ್ನು ಅದಲು ಬದಲು ಮಾಡಿದರೆ ಅವುಗಳ ಸರದಿ ತಿರುಗಿ ಮೋಟಾರೂ ತಿರುಗುತ್ತದೆ. ಮನೆಯ ಫ್ಯಾನಿಗೆ ಬರುವುದು ಒಂದೇ ಫೇಸ್. ಆ ಕರೆಂಟು ಸೆಕೆಂಡಿಗೆ 50 ಸಲ ತಾನಾಗಿಯೇ ಹಿಂದೆ ಮುಂದೆ ಓಡಾಡುತ್ತದೆ. ಹೊರಗಿನ ವೈರು ಬದಲಿಸಿದರೆ ಏನೂ ಆಗದು. ಮೋಟಾರಿನ ಒಳಗಿರುವ ಎರಡು ಕಾಯಿಲ್‌ಗಳಲ್ಲಿ ಒಂದರ ತುದಿಗಳನ್ನು ಮಾತ್ರ ಬದಲಿಸಬೇಕು. "ಅದು ಮೆಕ್ಯಾನಿಕ್ ಕೆಲಸ, 230 ವೋಲ್ಟು, ನೀನು ಕೈ ಹಾಕಬೇಡ. ರೆಕ್ಕೆ ಮೊದಲಿನಂತೆ ಹಾಕಿ, ಮೋಟಾರು ಸಮೇತ ಇಡೀ ಫ್ಯಾನನ್ನೇ ಹಿಂದುಮುಂದು ಮಾಡಿ ಕೂರಿಸಲು ಅಪ್ಪನಿಗೆ ಹೇಳು" ಎಂದರು.

ಅಪ್ಪ ಮೇನ್ ಆಫ್ ಮಾಡಿ ಹಾಗೆಯೇ ಕೂರಿಸಿದರು. ಫ್ಯಾನು ಹಾಕಿ ದೂರದಲ್ಲಿ ಊದುಬತ್ತಿ ಹಿಡಿದೆ. ಹೊಗೆ ಕಿಂಡಿಯ ಕಡೆಗೇ ಎಳೆದುಕೊಂಡು ಹೋಯಿತು. ಅಂದು ಅಜ್ಜಿ ಒಳಗೆ ಮಲಗಿದರು.

ಗೆಳೆಯರೇ, ಅಪ್ಪ ಕೇಳಿದ ದಿನವೇ "ನಂಗೊತ್ತಿಲ್ಲ, ಮೇಷ್ಟ್ರನ್ನ ಕೇಳಿ ಬರ್ತೀನಿ" ಅಂದಿದ್ದರೆ ಅಜ್ಜಿಗೆ ಒಂದು ರಾತ್ರಿಯ ಕೆಮ್ಮಾದರೂ ತಪ್ಪುತ್ತಿತ್ತು.

— 9ನೇ ತರಗತಿ ವಿದ್ಯಾರ್ಥಿ