ಹದಿನಾರು ಕೆರೆಯ ಚಳಿಗಾಲದ ಅತಿಥಿಗಳು

ದೂರದೂರಿನ ಅತಿಥಿಯೊಬ್ಬರು ನಿಮ್ಮ ಮನೆಗೆ ಬಂದು ದಣಿದು ಮಲಗಿದ್ದಾರೆ ಎಂದುಕೊಳ್ಳಿ. ನೋಡುವ ಆಸೆಯಾಯಿತೆಂದು ಬಾಗಿಲು ಬಡಿದು ಅವರನ್ನು ಎಬ್ಬಿಸುತ್ತೀರಾ? ಖಂಡಿತ ಇಲ್ಲ. ಆದರೆ ಜನವರಿಯ ಒಂದು ಭಾನುವಾರ ನಾನು ಮಾಡಿದ್ದು ಅದನ್ನೇ.

ಅಂದು ಫಜ್ರ್ ನಮಾಝ್ ಮುಗಿಸಿ, ಏಳನೇ ತರಗತಿಯ ಮಗನೊಂದಿಗೆ ತಿ. ನರಸೀಪುರದಿಂದ ಸೈಕಲ್ ಹತ್ತಿದೆ. ಬುತ್ತಿಯಲ್ಲಿ ಚಪಾತಿ, ಕೊರಳಲ್ಲಿ ಗೆಳೆಯರೊಬ್ಬರು ಕೊಟ್ಟ ದುರ್ಬೀನು.

"ಎಲ್ಲಿಗೆ ಅಬ್ಬಾ?"

"ಹದಿನಾರಿಗೆ."

"ಬರೀ ಹದಿನಾರು ಕಿಲೋಮೀಟರಾ?"

ನಗು ಬಂತು. ಹದಿನಾರು ಎಂಬುದು ಇಲ್ಲಿ ಲೆಕ್ಕವಲ್ಲ, ಪಶ್ಚಿಮಕ್ಕೆ ನಂಜನಗೂಡು ತಾಲ್ಲೂಕಿನಲ್ಲಿರುವ ಊರಿನ ಹೆಸರು. ಹೋಗಿ ಬರಲು ಸೈಕಲ್ಲಿಗೆ ಒಂದು ದಿನ ಬೇಕು.

ಕಾವೇರಿ ಮತ್ತು ಕಬಿನಿ ಕೂಡುವ ಈ ಸೀಮೆ ನಾಲೆ, ಕೆರೆ, ಗದ್ದೆಗಳ ನಾಡು. ದೊಡ್ಡ ಏರುಗಳಿಲ್ಲದ್ದರಿಂದ ಮಕ್ಕಳೂ ಸುಲಭವಾಗಿ ತುಳಿಯಬಹುದು. ಆದರೆ ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆ ಹುರುಳಿ, ರಾಗಿ ಹರಡಿರುತ್ತಾರೆ. ಅಲ್ಲಿ ಸೈಕಲ್ ಇಳಿದು ತಳ್ಳುವುದೇ ಕ್ಷೇಮ. ಮಂಜು ಕರಗುತ್ತಿದ್ದಂತೆ ಕೊಯ್ದ ಗದ್ದೆಗಳಲ್ಲಿ ಬೆಳ್ಳಕ್ಕಿಗಳು, ನಾಲೆಯ ತಂತಿಯ ಮೇಲೆ ಮಿಂಚುಳ್ಳಿ, ನೀರು ನಿಂತಲ್ಲಿ ಬಣ್ಣದ ಕೊಕ್ಕರೆಗಳು ಕಾಣಿಸಿದವು. ಮಗ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಬಂದ.

ಕೆರೆ ತಲುಪಿದಾಗ ದಡದ ಬಳಿ ಬೂದುಬಣ್ಣದ ದೊಡ್ಡ ಗುಂಪೊಂದು ಕುಳಿತಿತ್ತು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ನಾವು ಹುಡುಕಿ ಬಂದಿದ್ದ ಪಟ್ಟೆತಲೆ ಹೆಬ್ಬಾತುಗಳು ಇವೇ! ಮಂಗೋಲಿಯಾ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳ ಬಳಿ ಮರಿ ಮಾಡುವ ಇವು ಚಳಿಗಾಲ ಕಳೆಯಲು ಹಿಮಾಲಯ ದಾಟಿ ಭಾರತಕ್ಕೆ ಬರುತ್ತವೆ. ಪುಟ್ಟ ಉಪಕರಣ ಕಟ್ಟಿ ಪರೀಕ್ಷಿಸಿದಾಗ ಇವು 7,000 ಮೀಟರ್‌ಗಿಂತ ಎತ್ತರದಲ್ಲೂ ಹಾರಿದ್ದು ದಾಖಲಾಗಿದೆ. ಅಲ್ಲಿ ನಮಗೆ ಉಸಿರಾಡುವುದೇ ಕಷ್ಟ. ಆದರೆ ಇವುಗಳ ರಕ್ತ ತೆಳುಗಾಳಿಯಿಂದಲೂ ಆಮ್ಲಜನಕವನ್ನು ಚೆನ್ನಾಗಿ ಹೀರಿಕೊಳ್ಳುವಂತೆ ಸೃಷ್ಟಿಯಾಗಿದೆ. ಹೆಚ್ಚಾಗಿ ರಾತ್ರಿ ಮತ್ತು ಮುಂಜಾವಿನಲ್ಲಿ, ಗಾಳಿ ತಣ್ಣಗೆ ಶಾಂತವಾಗಿರುವಾಗ, ಇವು ಪರ್ವತ ದಾಟುತ್ತವೆ.

ಇದನ್ನೆಲ್ಲ ಮಗನಿಗೆ ವಿವರಿಸಿದೆ. "ಹಾರುವುದನ್ನು ನೋಡಬೇಕು ಅಬ್ಬಾ" ಎಂದ. ಮೇಷ್ಟ್ರ ಉತ್ಸಾಹ ನೋಡಿ! ದಡಕ್ಕಿಳಿದು ಜೋರಾಗಿ ಚಪ್ಪಾಳೆ ತಟ್ಟಿದೆ. ಇಡೀ ಗುಂಪು ಕೂಗುತ್ತಾ ಮೇಲೆದ್ದಿತು.

ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ಹಿರಿಯರು ಗದರಿದರು: "ಯಾಕ್ ಸಾಬ್ರೇ ಎಬ್ಬುಸ್ತೀರಿ? ರಾತ್ರಿಯೆಲ್ಲಾ ಮೇದ್ಬಂದು ಈಗ ಒಸಿ ಮಲಗವೆ."

ನಾಚಿಕೆಯಾಯಿತು. "ತಪ್ಪಾಯ್ತು ಯಜಮಾನ್ರೇ" ಎಂದು ಪಕ್ಕದಲ್ಲಿ ಕುಳಿತೆ. ಅವು ಹೊಲಗಳಿಗೆ ಇಳಿದು ಪೈರು ಮೇಯುತ್ತವೆಂದು ಓದಿದ್ದೆ. "ನಿಮ್ಮ ಪೈರು ತಿನ್ನುವುದಿಲ್ಲವೇ?" ಎಂದು ಕೇಳಿದೆ.

"ತಿಂತವೆ. ಗದ್ದೇಲಿ ಕಂಡ್ರೆ ಓಡುಸ್ತೀವಿ. ಕೆರೇಲಿ ಓಡ್ಸಕಿಲ್ಲ. ಮಲಗಕ್ಕೆ ಒಂದು ಜಾಗ ಬ್ಯಾಡ್ವಾ ಅವಕ್ಕೆ?"

ಮದ್ರಸದಲ್ಲೂ ಕಾಲೇಜಿನಲ್ಲೂ ಓದಿದ ನನಗೆ ಅಂದು ಪಾಠ ಹೇಳಿದವರು ಅವರು. ನಷ್ಟ ಅವರದು. ಆದರೂ ಜಗಳ ಹೊಲದ ಅಂಚಿಗೆ ಮುಗಿಯಬೇಕೆಂಬ ನ್ಯಾಯವನ್ನು ಅವರು ಪಾಲಿಸುತ್ತಿದ್ದರು. ನನಗೆ ಯಾವ ನಷ್ಟವೂ ಇರಲಿಲ್ಲ. ಬರೀ ತಮಾಷೆಗಾಗಿ ನಾನು ಅವುಗಳ ನಿದ್ದೆ ಕೆಡಿಸಿದ್ದೆ.

ಹಕ್ಕಿಗಳಿಗೂ ನೆಮ್ಮದಿಯ ಜಾಗ ಬೇಕೆಂಬುದನ್ನು ನಮ್ಮ ನಾಡು ಹಿಂದೆಯೇ ಒಪ್ಪಿದೆ. ಪಕ್ಷಿತಜ್ಞ ಸಲೀಂ ಅಲಿಯವರ (1896–1987) ಒತ್ತಾಸೆಯಿಂದಲೇ ಮೈಸೂರಿನ ಅರಸರ ಆಡಳಿತವು 1940ರಲ್ಲಿ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿತು. ಹದಿನಾರಿನಂತಹ ಊರಕೆರೆಗಳಲ್ಲಿ ಆ ಕಾವಲು ಹೆಚ್ಚಾಗಿ ಊರ ಜನರದ್ದು, ಮತ್ತು ನೋಡಲು ಹೋಗುವ ನಮ್ಮದು.

ಅರ್ಧ ಗಂಟೆ ಅಲುಗದೆ ಕುಳಿತೆವು. ಹೆಬ್ಬಾತುಗಳು ಸುತ್ತು ಹಾಕಿ ಮರಳಿ ಇಳಿದವು. ಕೆಲವು ರೆಕ್ಕೆಯೊಳಗೆ ಕೊಕ್ಕಿಟ್ಟು ಮಲಗಿದವು. ಚಪ್ಪಾಳೆ ತಟ್ಟಿದಾಗ ಕಾಣದಿದ್ದ ಎಷ್ಟೋ ಸಂಗತಿಗಳು ಆಗ ಕಂಡವು. ಎಲ್ಲವೂ ಮಲಗಿದ್ದರೂ ಒಂದೆರಡು ಮಾತ್ರ ಕತ್ತೆತ್ತಿ ಕಾವಲು ಕಾಯುತ್ತಿದ್ದುದನ್ನು ಮಗನೇ ಮೊದಲು ಗುರುತಿಸಿದ.

ಪ್ರಿಯ ಓದುಗರೇ, ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಒಂದು ದಿನ ನೀವೂ ಮಕ್ಕಳೊಂದಿಗೆ ಹೋಗಿ ಬನ್ನಿ. ನೀರು, ಬುತ್ತಿ, ಟೋಪಿ, ಸಾಧ್ಯವಾದರೆ ದುರ್ಬೀನು ಜೊತೆಗಿರಲಿ. ಚಪ್ಪಾಳೆಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.