ಬಯಲುಸೀಮೆಯ ಗಾಳಿ, ಮಲೆನಾಡಿನ ತುಕ್ಕು

ಕಡೂರು ಸೀಮೆಯ ಚೌಳಹಿರಿಯೂರಿನಲ್ಲಿ ನಿಂತು ನೋಡಿದರೆ ರಾಗಿ ಹೊಲ, ತೆಂಗಿನ ತೋಟ, ಮೇಲೆ ಅಗಲವಾದ ಆಕಾಶ. ಪಶ್ಚಿಮದ ಮೋಡಗಳು ಹೊತ್ತು ತಂದ ನೀರನ್ನು ಗಿರಿಸಾಲಿನ ಆಚೆಗೇ ಸುರಿಸಿ, ಇತ್ತ ಹಗುರಾಗಿ ಬರುತ್ತವೆ. ಭೂಗೋಳ ಪಾಠದ ‘ಮಳೆನೆರಳಿನ ಪ್ರದೇಶ’ವೆಂದರೆ ಇದೇ. ಅದೇ ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲ ವಸ್ತುವೊಂದಿದೆ: ಬೆಳೆ ಕಾಯಲು ರೈತರು ಪರವಾನಗಿ ಪಡೆದು ಇಟ್ಟುಕೊಳ್ಳುವ, ಬಾಯಿಯಿಂದ ಮದ್ದು ತುಂಬುವ ಒಂಟಿನಳಿಗೆಯ ಕೋವಿ.

ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದು ಉರಿದಾಗ ಅದರ ಅರ್ಧಕ್ಕೂ ಹೆಚ್ಚು ತೂಕ ಘನವಸ್ತುವಾಗಿಯೇ ಉಳಿಯುತ್ತದೆ. ಒಂದಷ್ಟು ಹೊಗೆಯಾಗಿ ಹಾರಿದರೆ, ಮಿಕ್ಕದ್ದು ನಳಿಗೆಯ ಒಳಗೋಡೆಗೆ ಮಸಿಯಾಗಿ ಅಂಟುತ್ತದೆ. ಅದರಲ್ಲಿರುವ ಲವಣಗಳು ಗಾಳಿಯ ತೇವವನ್ನು ಹೀರುತ್ತವೆ. ಒಣಹವೆಯಲ್ಲಿ ತುಕ್ಕು ನಿಧಾನ. ಮಲೆನಾಡಿನಲ್ಲಿ ಬಲು ಬೇಗ. ಲವಣ ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಆದ್ದರಿಂದಲೇ ಬಲ್ಲವರು ಮೊದಲು ಬಿಸಿನೀರಿನಲ್ಲಿ ತೊಳೆಯುತ್ತಾರೆ. ಕಬ್ಬಿಣವೂ ಬಿಸಿಯಾಗಿ ಬೇಗ ಒಣಗುತ್ತದೆ. ಎಣ್ಣೆಯ ಪಸೆ ಆಮೇಲೆ. ಒಳಗೆ ಸುರುಳಿ ಗೀರುಗಳಿರುವ ‘ರೈಫಲ್’ ನಳಿಗೆಯಾದರೆ ಗೀರುಗಳಲ್ಲೂ ಮಸಿ ಕೂರುವುದರಿಂದ ಶ್ರಮ ಇನ್ನೂ ಹೆಚ್ಚು.

ಮಳೆನಾಡಾದ ಕೊಡಗಿನಲ್ಲಿ ಈ ಎಚ್ಚರ ಹಬ್ಬವೇ ಆಗಿದೆ. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್‌ನಲ್ಲಿ ಆಯುಧಗಳನ್ನು ಶುಚಿಮಾಡಿ ಪೂಜಿಸಿ, ಕೋವಿಯ ಬಾಯಿಗೆ ‘ತೋಕ್ ಪೂ’ ಸಿಕ್ಕಿಸುತ್ತಾರೆ. ನಾವು ಗೌರಿಹೂ ಎನ್ನುವುದು ಅದನ್ನೇ.

ಇಲ್ಲಿ ತಂದೆತಾಯಿಯರಿಗೊಂದು ಮಾತು. ತುಕ್ಕು ತಿಂದು ತೆಳುವಾದ ನಳಿಗೆ ಒತ್ತಡ ತಾಳದೆ ಸಿಡಿಯಬಹುದು. ಒಳಗೆ ಉಳಿದ ಕಿಡಿ, ಹೊಸದಾಗಿ ಸುರಿದ ಮದ್ದಿಗೆ ತಾಗಿದರೆ ಕೈ, ಕಣ್ಣು ಹೋಗಬಹುದು. ಗೋಡೆಯ ಮೇಲಿನ ಹಳೆಯ ಕೋವಿ ಖಾಲಿಯೆಂದು ಯಾರೂ ನಂಬಬಾರದು. ಮಕ್ಕಳ ಕೈಗೆ ಎಟುಕುವಂತೆ ಇಡಲೂಬಾರದು. ನಳಿಗೆಯನ್ನು ‘ಸ್ವಲ್ಪ ಕತ್ತರಿಸಿ ಗಿಡ್ಡ ಮಾಡಿಸೋಣ’ ಎನ್ನುವವರೂ ಇದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನ ಪ್ರಕಾರ ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಇಲ್ಲದೆ ಮಾಡುವುದು ಅಪರಾಧ. ದುರಸ್ತಿಯೂ ಪರವಾನಗಿ ಇರುವವರ ಕೆಲಸವೇ.

ವಿದ್ಯಾರ್ಥಿಗಳೇ, ತುಕ್ಕಿನ ಪಾಠಕ್ಕೆ ಕೋವಿ ಬೇಡ, ಎರಡು ಕಬ್ಬಿಣದ ಮೊಳೆ ಸಾಕು. ಒಂದನ್ನು ಒದ್ದೆ ಉಪ್ಪಿನಲ್ಲಿಡಿ. ಇನ್ನೊಂದಕ್ಕೆ ಎಣ್ಣೆ ಸವರಿ ಒಣ ಜಾಗದಲ್ಲಿಡಿ. ವಾರದ ಬಳಿಕ ನೋಡಿದರೆ ಮಲೆನಾಡೂ ಬಯಲುಸೀಮೆಯೂ ನಿಮ್ಮ ಮೇಜಿನ ಮೇಲೆಯೇ ಇರುತ್ತವೆ.