ನನ್ನ ಗಿಟಾರಿನ ಬಾಲ

ಗಿಟಾರನ್ನು ಕುರಿತು ಮಾತನಾಡುವವರು ಅದರ ಮರವನ್ನು ಹೊಗಳುತ್ತಾರೆ, ತಂತಿಯನ್ನು ಹೊಗಳುತ್ತಾರೆ, ನುಡಿಸುವವನ ಬೆರಳುಗಳನ್ನಂತೂ ಮುಗಿಲಿಗೇರಿಸುತ್ತಾರೆ. ಅದರ ಬಾಲವನ್ನು ಹೊಗಳಿದವರನ್ನು ನಾನು ಕಾಣೆ. ಗಿಟಾರಿಗೆ ಬಾಲವುಂಟೆ ಎಂದು ನಗಬೇಡಿ. ವಿದ್ಯುತ್ ಗಿಟಾರಿನ ಮೈಯಿಂದ ಹೊರಟು ಆಂಪ್ಲಿಫೈಯರಿನವರೆಗೆ ನೆಲದ ಮೇಲೆ ಹರಿದುಕೊಂಡು ಹೋಗುವ ಕರಿಯ ಕೇಬಲ್ಲೇ ಅದರ ಬಾಲ. ಹನುಮಂತನ ಬಾಲ ಲಂಕೆಯನ್ನು ಸುಟ್ಟಿತು. ನನ್ನ ಗಿಟಾರಿನ ಬಾಲ ನನ್ನ ಪರೀಕ್ಷಾ ಶುಲ್ಕವನ್ನು ಸುಟ್ಟಿತು. ಆ ಕಥೆಯನ್ನು ಹೇಳಲೆಂದೇ ಈ ಲೇಖನ.

ನಮ್ಮ ಮನೆ ಇರುವುದು ಕೃಷ್ಣರಾಜಪುರದಲ್ಲಿ. ಶಿವಾಜಿನಗರ, ಹಲಸೂರುಗಳನ್ನು ನಮ್ಮ ಮನೆಯ ಹಿರಿಯರು ಇಂದಿಗೂ ‘ದಂಡು’ ಎಂದೇ ಕರೆಯುತ್ತಾರೆ. 1809ರಲ್ಲಿ ಆಂಗ್ಲರ ಸೈನ್ಯ ಬೀಡುಬಿಟ್ಟ ಮೇಲೆ ಬೆಳೆದ ಪ್ರದೇಶವದು. 1949ರಲ್ಲಿ ದಂಡೂ ಪೇಟೆಯೂ ಒಂದೇ ಕಾರ್ಪೊರೇಷನ್ನಿಗೆ ಸೇರಿದವು. ಆದರೆ ಬ್ಯಾಂಡು, ಪಿಯಾನೊ, ಗಿಟಾರುಗಳ ಮಾತು ಬಂದರೆ ನಮ್ಮವರ ಬೆರಳು ಈಗಲೂ ದಂಡಿನ ಕಡೆಗೇ ತಿರುಗುತ್ತದೆ. ನನ್ನ ಗಿಟಾರೂ ಅಲ್ಲಿಂದಲೇ ಬಂದುದು. ಫ್ರೇಜರ್ ಟೌನಿನಲ್ಲಿ ಇಗರ್ಜಿಯ ಗಾಯನಮಂಡಲಿಯೊಂದಿಗೆ ನುಡಿಸುತ್ತಿದ್ದ ಹಿರಿಯರೊಬ್ಬರು ಅದನ್ನು ಮಾರಿದರು. ಎರಡು ವರ್ಷ ಶಾಲಾ ಬಾಲಕರಿಗೆ ಮನೆಪಾಠ ಹೇಳಿ ಕೂಡಿಸಿದ ಹಣದಿಂದ ನಾನು ಕೊಂಡೆನು. ಪುಟ್ಟದೊಂದು ಆಂಪ್ಲಿಫೈಯರನ್ನೂ ಮೂರು ಮೀಟರಿನ ಹಳೆಯ ಕೇಬಲ್ಲನ್ನೂ ಅವರು ಜೊತೆಗೆ ಕೊಟ್ಟರು. ಮನೆಯಲ್ಲಿ ಅದರ ನಾದ ಕಂಚಿನ ಗಂಟೆಯಂತೆ ಸ್ಫುಟವಾಗಿತ್ತು.

ಕಾಲೇಜು ವಾರ್ಷಿಕೋತ್ಸವಕ್ಕೆ ನಮ್ಮ ತಂಡದ ಹೆಸರು ಕೊಟ್ಟಾಗ ತೊಂದರೆ ಪ್ರಾರಂಭವಾಯಿತು. ವೇದಿಕೆ ವಿಶಾಲವಾದುದು. ಆಂಪ್ಲಿಫೈಯರನ್ನು ಹಿಂದೆ, ಡ್ರಮ್ಮಿನ ಪಕ್ಕದಲ್ಲಿಡಬೇಕು. ನಾನು ಮುಂದೆ ನಿಲ್ಲಬೇಕು. ಮೂರು ಮೀಟರು ಸಾಲದು. ಆದುದರಿಂದ ಹತ್ತು ಮೀಟರಿನ ಅಗ್ಗದ ಕೇಬಲ್ಲೊಂದನ್ನು ತಂದೆನು. ಅಭ್ಯಾಸಕ್ಕೆ ನಿಂತು ನುಡಿಸಿದರೆ, ಅಯ್ಯೋ, ಕಂಬಳಿ ಹೊದ್ದುಕೊಂಡು ಮಾತನಾಡಿದ ಹಾಗೆ ಸ್ವರಗಳೆಲ್ಲ ಮಂಕು! “ಏನೋ, ನಿನ್ನ ಗಿಟಾರಿಗೆ ನೆಗಡಿಯೇ?” ಎಂದು ಗೆಳೆಯನೊಬ್ಬ ಕೇಳಿದನು. ಎಲ್ಲರೂ ನಕ್ಕರು. ನಾನೂ ನಕ್ಕೆನು, ಆದರೆ ರಾತ್ರಿ ನಿದ್ರೆ ಬರಲಿಲ್ಲ. ನಮ್ಮ ವಂಶದಲ್ಲಿ ಗಿಟಾರು ಮುಟ್ಟಿದವನೂ ನಾನೇ ಮೊದಲು, ಬಿ.ಎ. ತರಗತಿಯ ಬೆಂಚಿನ ಮೇಲೆ ಕುಳಿತವನೂ ನಾನೇ ಮೊದಲು. ಎಲ್ಲಿ ಏನು ಕೆಟ್ಟರೂ ತಪ್ಪು ನನ್ನದೇ ಇರಬೇಕೆಂದು ನಂಬುವುದು ಅಭ್ಯಾಸವಾಗಿಬಿಟ್ಟಿದೆ. ನನ್ನ ಬೆರಳುಗಳೇ ಸರಿಯಿಲ್ಲವೆಂದು ನಿಶ್ಚಯಿಸಿದೆನು.

ಆ ನಿಶ್ಚಯವನ್ನು ಬದಲಿಸಿದವನು ಅಂಗಡಿಯವನೊಬ್ಬ. “ಬೆರಳಲ್ಲ ಸಾರ್, ವೈರು. ಇದನ್ನು ನೋಡಿ, ಚಿನ್ನದ ಲೇಪ, ಆಮ್ಲಜನಕವಿಲ್ಲದ ಶುದ್ಧ ತಾಮ್ರ, ವಿದೇಶದ್ದು” ಎಂದು ಹತ್ತು ಮೀಟರಿನ ಮತ್ತೊಂದು ಕೇಬಲ್ಲನ್ನು ನನ್ನ ಕೈಗಿತ್ತನು. ಬೆಲೆ ಎರಡು ಸಾವಿರದ ನಾನೂರು ರೂಪಾಯಿ. ನನ್ನ ಜೇಬಿನಲ್ಲಿದ್ದುದು ಆರನೆಯ ಸೆಮಿಸ್ಟರಿನ ಶುಲ್ಕಕ್ಕೆಂದು ತಂದೆಯವರು ಕೊಟ್ಟಿದ್ದ ಹಣ. ತಪ್ಪು ನನ್ನದಲ್ಲವೆಂದು ಹೇಳುವವನೊಬ್ಬ ಸಿಕ್ಕಿದ ಸಂತೋಷದಲ್ಲಿ ಕೊಟ್ಟುಬಿಟ್ಟೆನು.

ಇಲ್ಲಿ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ನಮ್ಮ ತಂದೆಯವರದು ಮೈಕ್‌ಸೆಟ್ಟಿನ ಕಸಬು. ಮದುವೆ, ನಾಮಕರಣ, ಗಣೇಶನ ಪೆಂಡಾಲು, ಹಲಸೂರಿನ ಕಡೆಯ ಉತ್ಸವಗಳು, ಹೀಗೆ ಇಪ್ಪತ್ತೈದು ವರ್ಷಗಳಿಂದ ವೈರು ಸುತ್ತಿ ಬಿಚ್ಚಿದವರು. ಅವರನ್ನು ಒಂದು ಮಾತು ಕೇಳಬೇಕೆಂದು ನನಗೆ ತೋಚಲೇ ಇಲ್ಲ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರಿಗೆ ಗಿಟಾರಿನ ವಿಷಯ ಏನು ತಿಳಿದೀತು ಎಂದು ಎಣಿಸಿದ್ದೆನು. ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಆದರೂ ನಿಜವಾದುದರಿಂದ ಬರೆಯುತ್ತಿದ್ದೇನೆ.

ಆ ರಾತ್ರಿ ಚಿನ್ನದ ಬಾಲವನ್ನು ಸಿಕ್ಕಿಸಿ ನುಡಿಸಿದೆನು. ಅದೇ ಕಂಬಳಿ, ಅದೇ ಮಂಕು. ನಡುಮನೆಯಲ್ಲಿ ಮಲಗಿದ್ದ ತಂದೆಯವರು ಎದ್ದು ಬಂದರು.

“ಎಷ್ಟುದ್ದ ಐತಲೋ ಅದು?”

“ಹತ್ತು ಮೀಟರ್, ಅಪ್ಪ.”

“ಹಳೇದು?”

“ಮೂರು.”

“ಮತ್ತೆ ಮಂಕಾಗ್ದೆ ಇನ್ನೇನಾಯ್ತದೆ? ಹೈ ಇಂಪೀಡೆನ್ಸ್ ಮೈಕಿಗೆ ಉದ್ದ ವೈರ್ ಹಾಕಿದ್ರೂ ಹಿಂಗೇ. ಹಾಡೋರ ‘ಸ’ಕಾರ ಎಲ್ಲಾ ವೈರೇ ನುಂಗಾಕ್ತದೆ.”

ಮಾರನೆಯ ದಿನ ಅವರು ತಮ್ಮ ಪೆಟ್ಟಿಗೆಯಿಂದ ಮೀಟರು ತೆಗೆದು ಮೂರು ಕೇಬಲ್ಲುಗಳನ್ನೂ ಅಳೆದರು. ಹಳೆಯದು 300 ಪಿಕೊಫ್ಯಾರಡ್, ಅಗ್ಗದ್ದು 1,100, ಚಿನ್ನದ್ದು 1,000. ಬಳಿಕ ನನ್ನನ್ನು ಗೋಡೆಗೆ ಮುಖಮಾಡಿ ಕೂರಿಸಿ, ತಂಗಿಯಿಂದ ಕೇಬಲ್ಲು ಬದಲಿಸಿಸುತ್ತ, ಒಂದೇ ಸ್ವರವನ್ನು ಮೀಟಿಸಿದರು. ಮೂರು ಮೀಟರಿನದನ್ನು ಪ್ರತಿಸಲವೂ ಗುರುತಿಸಿದೆನು. ಅಗ್ಗದ್ದು ಯಾವುದು, ಚಿನ್ನದ್ದು ಯಾವುದು ಎಂದರೆ ಮಾತ್ರ ನನ್ನ ಉತ್ತರ ಕುರುಡನ ಕಲ್ಲೇಟಾಗಿತ್ತು. ತಂಗಿ ಬಿದ್ದು ಬಿದ್ದು ನಕ್ಕಳು. ತಂದೆಯವರು ನಗಲಿಲ್ಲ, ಬೆಲೆಯನ್ನೂ ಕೇಳಲಿಲ್ಲ.

ಕಲಾ ವಿಭಾಗದವನಾದ ನಾನು ಆಮೇಲೆ ಪುಸ್ತಕಗಳನ್ನು ತಿರುವಿ ತಿಳಿದುಕೊಂಡುದನ್ನು ಸಂಗ್ರಹವಾಗಿ ಹೇಳುತ್ತೇನೆ. ವಿದ್ಯುತ್ ಗಿಟಾರಿನ ತಂತಿಗಳ ಕೆಳಗೆ ಅಯಸ್ಕಾಂತವೂ, ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಇದೇ ಪಿಕಪ್. ಉಕ್ಕಿನ ತಂತಿ ಕಂಪಿಸಿದಾಗ ಈ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಇನ್ನು ಕೇಬಲ್ಲನ್ನು ಸೀಳಿ ನೋಡಿದರೆ ನಡುವೆ ತಾಮ್ರದ ಎಳೆ, ಸುತ್ತ ತಾಮ್ರದ ಹೆಣಿಗೆ, ಎರಡರ ಮಧ್ಯೆ ವಿದ್ಯುತ್ತು ಹರಿಯದ ಪ್ಲಾಸ್ಟಿಕ್ಕು. ಎರಡು ಲೋಹಗಳ ನಡುವೆ ಇಂಥ ಪದರವಿದ್ದರೆ ಅದು ಕಂಡೆನ್ಸರೇ ಅಲ್ಲವೆ? ಸಾಮಾನ್ಯ ಕೇಬಲ್ಲಿನಲ್ಲಿ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್. ಉದ್ದ ಬೆಳೆದಷ್ಟೂ ಅದೂ ಬೆಳೆಯುತ್ತದೆ.

ಪಿಕಪ್ಪಿನ ಸುರುಳಿಯೂ ಈ ಕಂಡೆನ್ಸರೂ ಕೂಡಿ ಒಂದು ನಿರ್ದಿಷ್ಟ ಕಂಪನವನ್ನು ಎತ್ತಿ ತೋರಿಸುತ್ತವೆ. ಅದಕ್ಕಿಂತ ಮೇಲಿನವು ಬೇಗ ಕ್ಷೀಣಿಸುತ್ತವೆ. ಸುರುಳಿಯ ಇಂಡಕ್ಟೆನ್ಸ್ 2.5 ಹೆನ್ರಿ, ಅದರದೇ ಕಂಡೆನ್ಸರಿನ ಗುಣ 100 ಪಿಕೊಫ್ಯಾರಡ್ ಎಂದು ಹಿಡಿದು ಲೆಕ್ಕ ಹಾಕಿದರೆ, ಮೂರು ಮೀಟರಿನ ಕೇಬಲ್ಲಿಗೆ ಆ ಶಿಖರ ಸುಮಾರು 5,000 ಹರ್ಟ್ಸ್‌ನಲ್ಲಿ ಬರುತ್ತದೆ; ಹತ್ತು ಮೀಟರಿಗೆ ಸುಮಾರು 3,000ಕ್ಕೆ ಇಳಿಯುತ್ತದೆ. ಗಿಟಾರಿನ ಮೂಲಸ್ವರಗಳೆಲ್ಲ ಇದಕ್ಕಿಂತ ಬಹಳ ಕೆಳಗಿವೆ. ಆದ್ದರಿಂದ ಹಾಡು ಕೆಡುವುದಿಲ್ಲ. ಮೂಲಸ್ವರದ ಮೇಲೆ ಏಳುವ ಅನುಸ್ವರಗಳ ಹೊಳಪು ಮಾತ್ರ ಹೋಗುತ್ತದೆ. ಚಿನ್ನದ ಲೇಪ ಪ್ಲಗ್ಗಿಗೆ ಕಿಲುಬು ಹಿಡಿಯದಂತೆ ಕಾಯುತ್ತದೆ, ಅಷ್ಟೇ. ತಾಮ್ರ ಎಷ್ಟು ಶುದ್ಧವಾದರೇನು? ಪಿಕಪ್ಪಿನ ಸುರುಳಿಯಲ್ಲೇ ಸಾವಿರಾರು ಓಮುಗಳ ತಡೆಯಿರುವಾಗ, ಕೇಬಲ್ಲಿನ ಒಂದೆರಡು ಓಮು ಆನೆಯ ಮುಂದಿನ ಇರುವೆ. ಕೊಳ್ಳುವವರು ನೋಡಬೇಕಾದುದು ಉದ್ದವನ್ನು, ಮೀಟರಿಗೆಷ್ಟು ಪಿಕೊಫ್ಯಾರಡ್ ಎಂಬುದನ್ನು, ಗುಂಯ್‌ಗುಟ್ಟುವಿಕೆಯನ್ನು ತಡೆಯುವ ದಟ್ಟವಾದ ಹೆಣಿಗೆಯನ್ನು, ಗಟ್ಟಿಯಾದ ಬೆಸುಗೆಯನ್ನು.

ಹಾಗೆಂದು ಮಂಕೆಲ್ಲ ಕೆಟ್ಟದ್ದೆಂದು ತಿಳಿಯಬಾರದು. ಜಿಮಿ ಹೆಂಡ್ರಿಕ್ಸ್‌ನಂಥ ಮಹಾವಾದಕ 1960ರ ದಶಕದಲ್ಲಿ ನುಡಿಸಿದುದು ಸುರುಳಿಸುರುಳಿಯಾದ ಉದ್ದನೆಯ ಕೇಬಲ್ಲಿನಲ್ಲಿ. ತೀಕ್ಷ್ಣವಾದ ನಾದವನ್ನು ಮೆತ್ತಗೆ ಮಾಡಿಕೊಳ್ಳಬಯಸುವವರಿಗೆ ಉದ್ದದ ಕೇಬಲ್ಲೇ ಮಿತ್ರ. ಬ್ಯಾಟರಿಯಿಂದ ನಡೆಯುವ ಪಿಕಪ್ಪಿದ್ದರೆ ಈ ಚಿಂತೆಯೇ ಬಹುಮಟ್ಟಿಗೆ ಇಲ್ಲ. ನನ್ನದು ಹಳೆಯ ಬಗೆಯದು. ನನಗೆ ಬೇಕಾಗಿದ್ದುದು ಮನೆಯಲ್ಲಿ ಕೇಳಿದ ಕಂಚಿನ ನಾದ.

ಉಪಾಯವನ್ನೂ ತಂದೆಯವರೇ ಹೇಳಿದರು. “ಡಬ್ಬಾನ ನಿನ್ನ ಪಕ್ಕದಲ್ಲೇ ಇಟ್ಕೊ. ಮೂರು ಮೀಟರಲ್ಲೇ ಬಾರ್ಸು. ಡಬ್ಬದ ಮುಂದೆ ಒಂದು ಮೈಕ್ ಇಡಾನ. ದೂರ ಹೋಗೋ ಕೆಲಸ ನನ್ನ ವೈರಿಗೆ ಬಿಡು.” ಅವರ ಮೈಕು ಲೋ ಇಂಪೀಡೆನ್ಸಿನದು, ಅದಕ್ಕೆ ಮೂವತ್ತು ಮೀಟರು ವೈರಾದರೂ ಸ್ವರ ಮಂಕಾಗುವುದಿಲ್ಲ.

ವಾರ್ಷಿಕೋತ್ಸವದ ದಿನ ಬೆಳಿಗ್ಗೆ, ಹೆಗಲಿಗೆ ಒಂದು ಸುರುಳಿ ವೈರು, ಕೈಯಲ್ಲಿ ಒಂದು ಮೈಕು ಹಿಡಿದು ಅವರು ಬಂದರು. ನನ್ನನ್ನು ಮೂರು ವರ್ಷ ಓದಿಸಿದ ಕಾಲೇಜಿನೊಳಕ್ಕೆ ಅವರು ಕಾಲಿಟ್ಟುದು ಅದೇ ಮೊದಲು. ಬಾಡಿಗೆಯ ಆಳೆಂದು ತಿಳಿದ ಅಧ್ಯಾಪಕರೊಬ್ಬರು, “ಯಾರಪ್ಪ ಇವರು? ಬೇರೆ ಮೈಕಿನವರು ಆಗಲೇ ಬಂದಿದ್ದಾರಲ್ಲ?” ಎಂದರು. ಒಂದು ಕ್ಷಣ ನನ್ನ ನಾಲಗೆ ತಡವರಿಸಿತು. “ನಮ್ಮ ತಂದೆಯವರು ಸಾರ್” ಎಂದೆನು. ಅಧ್ಯಾಪಕರು ತಾವೇ ಒಂದು ಕುರ್ಚಿ ತಂದು ಹಾಕಿದರು. ತಂದೆಯವರು ವೈರನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ ಮುಗಿಯುವವರೆಗೆ ಕೂರಲಿಲ್ಲ.

ನಾನು ಚೆನ್ನಾಗಿ ನುಡಿಸಿದೆನೆಂದು ಹೇಳಲಾರೆ; ಎರಡು ಕಡೆ ತಪ್ಪಿದೆನು. ಆ ಎರಡು ತಪ್ಪುಗಳೂ ಕೊನೆಯ ಸಾಲಿನವರೆಗೆ ಸ್ಫುಟವಾಗಿ ಕೇಳಿಸಿದವೆಂದು ಗೆಳೆಯರು ತಿಳಿಸಿದ್ದಾರೆ.

ಚಿನ್ನದ ಕೇಬಲ್ಲನ್ನು ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಮದುವೆಯ ಮೈಕ್‌ಸೆಟ್ಟಿನ ಬಾಡಿಗೆಯಿಂದ ನನ್ನ ಶುಲ್ಕ ಕಟ್ಟಿಯಾಯಿತು. ರಸೀದಿಯನ್ನು ತಂದೆಯವರೇ ಮಡಿಸಿ ಇಟ್ಟುಕೊಂಡಿದ್ದಾರೆ. ಆ ಹಣವನ್ನು ತೀರಿಸುವುದು ನನ್ನ ಹೊಣೆ. ಆದುದರಿಂದ ವಾಚಕ ಮಿತ್ರರಲ್ಲಿ ಒಂದು ವಿಜ್ಞಾಪನೆ: ನಾದ ಮೆತ್ತಗಿರಬೇಕೆಂದು ಬಯಸುವ ಗಿಟಾರು ವಾದಕರು ನಿಮ್ಮಲ್ಲಿ ಯಾರಾದರೂ ಇದ್ದರೆ, ಹತ್ತು ಮೀಟರಿನ ಉತ್ತಮವಾದ ಬಾಲವೊಂದು ಅರ್ಧ ಬೆಲೆಗೆ ದೊರೆಯುತ್ತದೆ. ಅಂತಿಮ ಬಿ.ಎ. ತರಗತಿಯ ಕಡೆಯ ಬೆಂಚಿನಲ್ಲಿ ವಿಚಾರಿಸುವುದು.